ಊರೊಟ್ಟಿನ ತೋಟ

ಅಮರಸಿಂಹನು ತನ್ನ ಕೋಶದ ಎರಡನೆಯ ಕಾಂಡದಲ್ಲಿ, ಗಿಡಮರಗಳ ಹೆಸರನ್ನು ಹೇಳುವುದಕ್ಕೆ ತೊಡಗುವ ಮುನ್ನ, ತೋಟಗಳಲ್ಲಿರುವ ಭೇದಗಳನ್ನು ಎಣಿಸುತ್ತಾನೆ. ಮನೆಯ ಹಿತ್ತಿಲಲ್ಲಿರುವುದು ನಿಷ್ಕುಟ. ಮಂತ್ರಿಯೇ ಮೊದಲಾದವರ ಮನೆಗೆ ಸೇರಿದುದು ವೃಕ್ಷವಾಟಿಕೆ. ಅಂತಃಪುರದ ಸ್ತ್ರೀಯರಿಗೆ ಮೀಸಲಾದುದು ಪ್ರಮದವನ. ಇವುಗಳ ಜೊತೆಯಲ್ಲಿ ಉದ್ಯಾನವೆಂಬುದನ್ನೂ ಹೇಳಿ, ಅದು ಅರಸನದಾಗಿದ್ದರೂ ಸಾಧಾರಣವಾದ ವನವೆಂದು ವಿವರಿಸುತ್ತಾನೆ. 'ಸಾಧಾರಣ'ವೆಂಬ ಶಬ್ದವನ್ನು ನಾವು ಈಗ ಹೆಚ್ಚು ಬೆಲೆಯಿಲ್ಲದುದು ಎಂಬ ಅರ್ಥದಲ್ಲಿ ಬಳಸುತ್ತೇವೆ. ಹುಡುಗನು ಹೇಗೆ ಓದುತ್ತಾನೆಂದು ಕೇಳಿದರೆ, "ಏನೋ, ಸಾಧಾರಣ" ಎನ್ನುತ್ತೇವೆ. ಸಂಸ್ಕೃತದಲ್ಲಿ ಅದರ ಮೊದಲ ಅರ್ಥವು ಬೇರೆ. ಒಬ್ಬನಿಗೇ ಸೇರದೆ ಹಲವರಿಗೆ ಸಮನಾಗಿ ಸೇರಿದುದು ಸಾಧಾರಣ. ನಮ್ಮ ಹಳ್ಳಿಯ ಮಾತಿನಲ್ಲಿ ಹೇಳುವುದಾದರೆ, ಊರೊಟ್ಟಿನದು.

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮದ್ದೂರಿನ ಕಡೆಯ ಹಳ್ಳಿಯೊಂದರಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿದ ನನಗೆ ಈ ಶಬ್ದವು ಕಂಠಸ್ಥವಾಗಿದ್ದಿತು. ಅದು ಕಾಲಿನ ಕೆಳಗಿನ ನೆಲವಾಗಿ ಸಿಕ್ಕಿದುದು ಮಾತ್ರ ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ. ನಿವೃತ್ತನಾದ ಮೇಲೆ ಮಗನು ಬಂದು, "ಅಪ್ಪಾ, ಇಷ್ಟು ದೊಡ್ಡ ಮನೆಯಲ್ಲಿ ನೀವಿಬ್ಬರೇ ಏನು ಮಾಡುತ್ತೀರಿ? ಅಮ್ಮನಿಗೂ ಮೆಟ್ಟಿಲು ಹತ್ತಿ ಇಳಿಯುವುದಕ್ಕಾಗುವುದಿಲ್ಲ" ಎಂದು ನಮ್ಮನ್ನು ಕರೆದುಕೊಂಡು ಬಂದನು. ಮಗನೂ ಸೊಸೆಯೂ ಒಳ್ಳೆಯವರು, ಕೊರತೆಯೇನೂ ಇಲ್ಲ. ಆದರೆ ಏಳನೆಯ ಅಂತಸ್ತಿನ ಮನೆಯಲ್ಲಿ ಬೆಳಗ್ಗೆ ಎದ್ದು ಬಾಗಿಲು ತೆಗೆದರೆ ಎದುರಿಗೆ ಇನ್ನೊಂದು ಬಾಗಿಲು. ಹಳ್ಳಿಯಲ್ಲಿ ಬಾಗಿಲು ತೆಗೆದರೆ ಬೀದಿ. ಹಿತ್ತಿಲ ಬಾಗಿಲು ತೆಗೆದರೆ ನುಗ್ಗೆ, ಕರಿಬೇವು, ಪಾರಿಜಾತ. ಶಾಕುಂತಲದ ನಾಲ್ಕನೆಯ ಅಂಕವನ್ನು ಎಷ್ಟೋ ಸಲ ಪಾಠ ಹೇಳಿದ್ದೇನೆ. ಆಶ್ರಮದ ಗಿಡಮರಗಳಿಂದ ಶಕುಂತಲೆಯು ಬೀಳ್ಕೊಳ್ಳುವ ಎಡೆಯಲ್ಲಿ ಗಂಟಲು ಕಟ್ಟುತ್ತಿದ್ದುದೂ ಉಂಟು. ಹಿತ್ತಿಲ ಬಾಗಿಲಿಗೆ ಬೀಗ ಹಾಕಿದ ದಿನ ನನಗೆ ಶ್ಲೋಕವೊಂದೂ ನೆನಪಿಗೆ ಬರಲಿಲ್ಲ.

ಇದರ ಮೇಲೆ ಮನೆಯನ್ನು ಮಾರುವ ಮಾತು ಬಂದಿತು. ಕೊಳ್ಳುವವರು ಸಿದ್ಧರಾಗಿದ್ದರು. ಬೀಗ ಹಾಕಿದ ಮನೆಯು ಎರಡು ಮಳೆಗಾಲವನ್ನು ತಡೆಯಲಾರದೆಂಬುದು ನನಗೂ ಗೊತ್ತಿದ್ದಿತು. ಒಪ್ಪುವುದಕ್ಕೆ ಬಾಯಿ ಬರಲಿಲ್ಲ. ಬೇಡವೆನ್ನುವುದಕ್ಕೆ ಕಾರಣವನ್ನು ಹೇಳಲಾಗಲಿಲ್ಲ. ಹೀಗೆ ಮನಸ್ಸು ತೂಗುಯ್ಯಾಲೆಯಾಗಿದ್ದ ದಿನಗಳಲ್ಲಿ ನಾನೂ ನನ್ನ ಮನೆಯಾಕೆಯೂ ವಾರಕ್ಕೆ ಎರಡು ಮೂರು ಬಾರಿ, ಮೆಟ್ರೋ ರೈಲು ಹಿಡಿದು, ಈ ಉದ್ಯಾನಕ್ಕೆ ಹೋಗುವುದು ರೂಢಿಯಾಯಿತು. ರಜೆಯ ದಿನಗಳಲ್ಲಿ ಒಂಬತ್ತು ವರ್ಷದ ಮೊಮ್ಮಗನೂ ಜೊತೆಗೆ ಬರುತ್ತಿದ್ದನು. ಅವನ ಲಕ್ಷ್ಯವೆಲ್ಲವೂ ಬಾಲಭವನದ ಪುಟಾಣಿ ರೈಲಿನ ಮೇಲೆ. ನನ್ನ ಲಕ್ಷ್ಯವು ನೆರಳಿನ ಕಲ್ಲುಬೆಂಚಿನ ಮೇಲೆ.

ಈ ತೋಟವು ಹುಟ್ಟಿದುದು 1870ರಲ್ಲಿ. ಆಗ ಮೈಸೂರು ಸೀಮೆಯ ಆಡಳಿತವು ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದಿತು. ಮುಖ್ಯ ಇಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿಯು ಇದನ್ನು ರೂಪಿಸಿದನು. ಮೊದಲು ಹಂಗಾಮಿ ಕಮಿಷನರನಾಗಿದ್ದ ಮೀಡ್ ಎಂಬವನ ಹೆಸರಿದ್ದಿತು. ಬಳಿಕ 1834ರಿಂದ 1861ರವರೆಗೆ ಕಮಿಷನರನಾಗಿದ್ದ ಮಾರ್ಕ್ ಕಬ್ಬನ್ನನ ಹೆಸರು ನಿಂತಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತೋತ್ಸವದ ವರ್ಷವಾದ 1927ರಲ್ಲಿ ಅವರ ತಂದೆಯವರ ನೆನಪಿಗಾಗಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ನಾಮಕರಣವಾಯಿತು. ಆದರೂ ಜನರ ನಾಲಗೆಯು ಹಳೆಯ ಹೆಸರನ್ನು ಬಿಟ್ಟಿಲ್ಲ. ಮೊದಲಿಗೆ ಸುಮಾರು 100 ಎಕರೆಯಷ್ಟಿದ್ದುದು ಮುಂದೆ ವಿಸ್ತಾರಗೊಂಡಿತು. ಒಂದು ಕಡೆ ಕೆಂಪೇಗೌಡನ ಕಾಲದಿಂದ ಬೆಳೆದು ಬಂದ ಪೇಟೆ, ಇನ್ನೊಂದು ಕಡೆ ಬ್ರಿಟಿಷರ ದಂಡು. ಭಾಷೆ, ಉಡುಪು, ಊಟ, ಆಡಳಿತ ಎಲ್ಲವೂ ಬೇರೆ ಬೇರೆಯಾಗಿದ್ದ ಆ ಎರಡು ಊರುಗಳ ನಡುವೆ ಈ ಹಸುರು ನೆಲವು ಎಡೆಯಾಗಿ ಉಳಿಯಿತು.

ಪ್ರಾರಂಭದಲ್ಲಿ ನನ್ನ ಮನೆಯಾಕೆಯು ಇಲ್ಲಿನ ಮರಗಳನ್ನು ಕಂಡು ಅಷ್ಟಾಗಿ ಸಂತೋಷಪಡಲಿಲ್ಲ. ಹೊಂಗೆ, ಬೇವು, ಆಲ, ಅರಳಿ, ಮಾವು ಕಂಡರೆ ಪರಿಚಯದವರನ್ನು ಕಂಡಂತೆ ನಿಲ್ಲುವಳು, ಉಳಿದವನ್ನು ನೋಡಿ, "ಇವು ಯಾವ ಸೀಮೆಯವೋ!" ಎಂದು ಮುಂದೆ ನಡೆಯುವಳು. ಹೀಗಾಗಿ ನಾನು ಒಂದೊಂದನ್ನೇ ವಿಚಾರಿಸಿ ತಿಳಿದುಕೊಂಡು ಅವಳಿಗೆ ಹೇಳತೊಡಗಿದೆನು. ನೆಟ್ಟಗೆ ಬೆಳೆದು, ಎಲೆಯ ಅಡಿಯಲ್ಲಿ ಬೆಳ್ಳಿಯಂತೆ ಹೊಳೆಯುವ ಸಿಲ್ವರ್ ಓಕ್ ಆಸ್ಟ್ರೇಲಿಯದ್ದು. ಕೊಡೆ ಬಿಚ್ಚಿದಂತೆ ಹರಡಿ, ಸಂಜೆಯಾದೊಡನೆ ಎಲೆ ಮಡಿಸಿಕೊಳ್ಳುವ ಮಳೆಮರವು ಅಮೆರಿಕ ಖಂಡದ್ದು. ಬೇಸಗೆಯಲ್ಲಿ ಬೆಂಕಿಯಂತೆ ಹೂ ಬಿಡುವ ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ್ದು. ಎಲೆಯುದುರಿದ ಕೊಂಬೆಯ ತುಂಬ ಗುಲಾಬಿ ಬಣ್ಣದ ಹೂ ತಳೆಯುವ ಟಬೆಬೂಯ, ಗಟ್ಟಿಮರಕ್ಕೆ ಹೆಸರಾದ ಮಹಾಗನಿ, ಇವೂ ಸಮುದ್ರವನ್ನು ದಾಟಿ ಬಂದವು. ಇಂತಹ ಮರಗಳಿಂದ ಬೆಂಗಳೂರಿನ ಬೀದಿಗಳನ್ನೂ ತೋಟಗಳನ್ನೂ ಅಲಂಕರಿಸಿದವರಲ್ಲಿ, 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕ್ರುಂಬಿಗಲ್ ಎಂಬ ಜರ್ಮನ್ ತೋಟಗಾರಿಕೆಯ ಪಂಡಿತನು ಪ್ರಮುಖನು. ಒಂದು ಋತುವಿನ ಹೂವು ಮುಗಿಯುವ ವೇಳೆಗೆ ಇನ್ನೊಂದು ಬಗೆಯ ಮರವು ಅರಳುವಂತೆ ಆತನು ಸಾಲುಮರಗಳನ್ನು ಆರಿಸುತ್ತಿದ್ದನಂತೆ.

ಎಲ್ಲವನ್ನೂ ಕೇಳಿದ ನನ್ನ ಮನೆಯಾಕೆಯು, "ಹಾಗಾದರೆ ಇಲ್ಲಿ ಮುಕ್ಕಾಲು ಮಂದಿ ನಮ್ಮ ಹಾಗೆಯೇ ಊರು ಬಿಟ್ಟು ಬಂದವರು. ಬಂದ ಮೇಲೆ ನೆರಳು ಕೊಡುತ್ತಿದ್ದಾರೆ, ಮುಖ ಗಂಟಿಕ್ಕಿಕೊಂಡು ಕುಳಿತಿಲ್ಲ" ಎಂದಳು. ಈ ಮಾತಿನ ಕೊನೆಯ ಭಾಗವು ಯಾರನ್ನು ಕುರಿತದ್ದೆಂಬುದು ನನಗೆ ತಿಳಿಯದೆ ಇರಲಿಲ್ಲ.

ತೋಟದ ಅಂಚಿನಲ್ಲಿ ಕೆಂಪು ಬಣ್ಣದ ಉದ್ದನೆಯ ಕಟ್ಟಡವೊಂದು ಕಂಬಗಳನ್ನು ಸಾಲಾಗಿ ನಿಲ್ಲಿಸಿಕೊಂಡು ನಿಂತಿದೆ. ಇದೇ ಅಠಾರಾ ಕಚೇರಿ. 1868ರಲ್ಲಿ ಪೂರ್ತಿಯಾದ ಈ ಕಟ್ಟಡಕ್ಕೆ, ಅಲ್ಲಿಯವರೆಗೆ ಟಿಪ್ಪುವಿನ ಅರಮನೆಯಲ್ಲಿದ್ದ ಸರ್ಕಾರದ ಹದಿನೆಂಟು ಇಲಾಖೆಗಳು ಬಂದು ನೆಲಸಿದವು. ಈಗ ಅದು ಉಚ್ಚ ನ್ಯಾಯಾಲಯ. ಸಂಸ್ಕೃತದ 'ಅಷ್ಟಾದಶ'ವು ಪ್ರಾಕೃತದ ಬಾಯಲ್ಲಿ ಸವೆದು 'ಅಠಾರಾ' ಆಗಿ, ಬೆಂಗಳೂರಿನವರ ಬಾಯಲ್ಲಿ ಮತ್ತಷ್ಟು ಸವೆದು 'ಅಟ್ಟಾರ'ವೂ ಆಗಿದೆ. ಮೊಮ್ಮಗನಿಗೆ ಇದನ್ನು ಹೇಳಿದಾಗ, "ಪದಗಳೂ ಊರಿಂದ ಊರಿಗೆ ಹೋಗುತ್ತವೆಯಾ, ತಾತ?" ಎಂದು ಕೇಳಿದನು. ಹೋಗುತ್ತವೆ, ಹೋದ ಊರಿನ ಉಡುಪನ್ನು ತೊಡುತ್ತವೆ ಎಂದೆನು.

ಇಲ್ಲಿನ ಪ್ರತಿಮೆಗಳ ಕಥೆಯೂ ಕೇಳತಕ್ಕದ್ದೇ. ವಿಕ್ಟೋರಿಯ ರಾಣಿಯ ಅಮೃತಶಿಲೆಯ ಪ್ರತಿಮೆಯನ್ನು 1906ರಲ್ಲಿ, ಮುಂದೆ ಐದನೆಯ ಜಾರ್ಜ್ ದೊರೆಯಾದ ಆಕೆಯ ಮೊಮ್ಮಗನೇ ಬಂದು ಅನಾವರಣ ಮಾಡಿದನು. ಆಕೆಯ ಸಾಮ್ರಾಜ್ಯವು ಮುಗಿದುಹೋಯಿತು, ಪ್ರತಿಮೆಯು ನಿಂತಿದೆ. ಕುದುರೆಯ ಮೇಲೆ ಕುಳಿತ ಕಬ್ಬನ್ನನ ಪ್ರತಿಮೆಯು 1866ರಷ್ಟು ಹಿಂದಿನದು. ಪರೇಡ್ ಮೈದಾನದಲ್ಲಿದ್ದ ಅದು ಅಠಾರಾ ಕಚೇರಿಯ ಮುಂದಕ್ಕೆ ಬಂದು, ಬಹುಕಾಲ ಅಲ್ಲಿಯೇ ಇದ್ದು, 2020ರಲ್ಲಿ ಉದ್ಯಾನದ ಒಳಕ್ಕೆ ಸಾಗಿಸಲ್ಪಟ್ಟಿತು. ಒಂದು ಸೀಮೆಯನ್ನೇ ಆಳಿದವನ ಬಿಂಬಕ್ಕೂ ಎರಡು ಬಾರಿ ಸ್ಥಳ ಬದಲಾಯಿಸುವ ಯೋಗವಿದ್ದಿತು. ಅಧಿಕಾರವು ಹೋದ ಮೇಲೆ ಅವರೆಲ್ಲರೂ ಈಗ ಮರದ ನೆರಳಿನಲ್ಲಿ ನಿಂತು, ಕಡಲೆಕಾಯಿ ತಿನ್ನುವ ಮಕ್ಕಳನ್ನು ನೋಡುತ್ತಿದ್ದಾರೆ. ಅಂತಹವರಿಗೂ ಊರೊಟ್ಟಿನ ತೋಟವು ಜಾಗವನ್ನು ಇಲ್ಲವೆನ್ನಲಿಲ್ಲ.

ಕಸ್ತೂರಬಾ ರಸ್ತೆಯ ಕಡೆಗೆ ಮೂರು ಭವನಗಳು ಒಂದರ ಪಕ್ಕದಲ್ಲಿ ಒಂದಿವೆ. ಯಂತ್ರಗಳ ಕೆಲಸವನ್ನು ಮಕ್ಕಳ ಕಣ್ಣಿಗೆ ಕಟ್ಟುವಂತೆ ತೋರಿಸುವ, ವಿಶ್ವೇಶ್ವರಯ್ಯನವರ ಹೆಸರಿನ ವಸ್ತುಸಂಗ್ರಹಾಲಯವು ಒಂದು. ಜವಾಹರಲಾಲ್ ನೆಹರೂ ಅವರು 1962ರಲ್ಲಿ ಅದನ್ನು ಉದ್ಘಾಟಿಸಿದರು. ಚಿತ್ರಕಾರ ಕೆ. ವೆಂಕಟಪ್ಪನವರ ಹೆಸರಿನ ಕಲಾಶಾಲೆಯು ಇನ್ನೊಂದು. ವೆಂಕಟಪ್ಪನವರು (1886–1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದು, ಮೈಸೂರು ಅರಮನೆಯ ಆಶ್ರಯದಲ್ಲಿ ಕೆಲಸ ಮಾಡಿ, ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಕಲಿತು, ಆಶ್ರಯದಾತರಾದ ಮಹಾರಾಜರು 1940ರಲ್ಲಿ ತೀರಿಕೊಂಡ ಮೇಲೆ ಬೆಂಗಳೂರಿಗೆ ಬಂದು ಕೊನೆಯವರೆಗೆ ಇಲ್ಲಿಯೇ ಒಬ್ಬಂಟಿಯಾಗಿ ಬಾಳಿದರು. ಊಟಿಯ ಬೆಟ್ಟಗಳ ಮಂಜನ್ನೂ ಬೆಳಕನ್ನೂ ಅವರು ನೀರುಬಣ್ಣದಲ್ಲಿ ಹಿಡಿದಿರುವ ಬಗೆಯನ್ನು ಕಂಡವರು ಮಾತನಾಡದೆ ನಿಲ್ಲುತ್ತಾರೆ.

ಮೂರನೆಯದು ಎಲ್ಲಕ್ಕಿಂತ ಹಳೆಯದಾದ ಸರ್ಕಾರಿ ವಸ್ತುಸಂಗ್ರಹಾಲಯ. ಎಡ್ವರ್ಡ್ ಬಾಲ್ಫರ್ ಎಂಬ ವೈದ್ಯನ ಪ್ರಯತ್ನದಿಂದ 1865ರಲ್ಲಿ ಸ್ಥಾಪಿತವಾಗಿ, 1877ರಲ್ಲಿ ಈ ಕಟ್ಟಡಕ್ಕೆ ಬಂದಿತು. ಕೆಲಸದಲ್ಲಿದ್ದ ಕಾಲದಲ್ಲಿ ನಾನು ಶಾಲೆಯ ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆತಂದಿದ್ದೆನು. ಕಾರಣವೇನೆಂದರೆ ನಮ್ಮ ಮದ್ದೂರಿನ ಕಡೆಯ ಆತಕೂರಿನ ಕಲ್ಲು ಅಲ್ಲಿರುವುದು. ಆ ಕಲ್ಲಿನ ವೃತ್ತಾಂತವನ್ನು ಓದುಗರಿಗೆ ಸ್ವಲ್ಪ ವಿವರವಾಗಿ ಹೇಳಬೇಕು.

949ನೆಯ ಇಸವಿಯ ಸುಮಾರಿನಲ್ಲಿ ರಾಷ್ಟ್ರಕೂಟ ಚಕ್ರವರ್ತಿಯಾದ ಮುಮ್ಮಡಿ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲದಲ್ಲಿ ದೊಡ್ಡ ಯುದ್ಧ ನಡೆಯಿತು. ಗಂಗರ ಇಮ್ಮಡಿ ಬೂತುಗನು ಕೃಷ್ಣನ ಕಡೆ ನಿಂತು ಹೋರಾಡಿದನು, ರಾಜಾದಿತ್ಯನು ಮಡಿದನು. ಆ ಯುದ್ಧದಲ್ಲಿ ಬೂತುಗನ ಭಟನಾದ ಮಣಲೆರನೆಂಬವನು ತೋರಿದ ಪರಾಕ್ರಮಕ್ಕೆ ಒಡೆಯನು ಮೆಚ್ಚಿ, ಬೇಡಿದುದನ್ನು ಕೊಡುವೆನೆಂದಾಗ, ಅವನು ಊರನ್ನು ಬೇಡಲಿಲ್ಲ, ಹೊನ್ನನ್ನು ಬೇಡಲಿಲ್ಲ. ಕಾಳಿಯೆಂಬ ಹೆಸರಿನ ಬೇಟೆನಾಯನ್ನು ಬೇಡಿ ಪಡೆದನು. ಮುಂದೆ ಆ ನಾಯಿಯು ದೊಡ್ಡದೊಂದು ಕಾಡುಹಂದಿಯ ಮೇಲೆ ಬಿದ್ದು, ಎರಡೂ ಒಂದನ್ನೊಂದು ಕೊಂದು ಸತ್ತವು. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ನಾಯಿಯ ನೆನಪಿಗೆ ಕಲ್ಲು ನೆಟ್ಟು, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. ಈ ಕಲ್ಲನ್ನು ಪೂಜಿಸದೆ ಅಲ್ಲಿನ ಗೊರವನು ಉಣ್ಣಬಾರದೆಂಬ ಕಟ್ಟಳೆಯನ್ನೂ ಕೆತ್ತಿಸಿದರು. ಕಲ್ಲಿನ ನಡುವೆ ನಾಯಿಯೂ ಹಂದಿಯೂ ಸೆಣಸುತ್ತಿರುವ ಶಿಲ್ಪ. ಸುತ್ತಲೂ ಹಳಗನ್ನಡದ ಅಕ್ಷರಗಳು. ಮಹಾಯುದ್ಧದ ಇತಿಹಾಸವು ನಮಗೆ ತಿಳಿದುಬಂದ ದಾರಿಗಳಲ್ಲಿ ಈ ನಾಯಿಯ ಕಲ್ಲೂ ಒಂದು.

ಅಂದು ಮಕ್ಕಳೆಲ್ಲರೂ ಕಲ್ಲಿನ ಸುತ್ತ ನಿಂತು ಕೇಳುತ್ತಿದ್ದಾಗ, ಹಿಂದಿನ ಸಾಲಿನ ಹುಡುಗನೊಬ್ಬನು, "ಮೇಷ್ಟ್ರೇ, ನಮ್ಮ ಕಡೆಯ ಕಲ್ಲನ್ನು ಇಲ್ಲಿಗೆ ಯಾಕೆ ತಂದರು?" ಎಂದು ಕೇಳಿದನು. ಮಳೆ ಗಾಳಿಗೆ ಸವೆಯದಿರಲೆಂದು, ಯಾರೂ ಒಡೆಯದಿರಲೆಂದು, ಊರೂರಿನ ಜನರು ನೋಡಲೆಂದು ತಂದರು ಎಂದೆನು. "ಅದಕ್ಕೆ ಅಲ್ಲಿದ್ದಂತೆ ಇಲ್ಲಿ ಪೂಜೆಯುಂಟೋ?" ಎಂದು ಮತ್ತೆ ಕೇಳಿದನು. ಇಲ್ಲಿ ಓದುವುದೇ ಪೂಜೆ ಎಂದೆನು. ಹುಡುಗನು ಒಪ್ಪಿದನೋ ಬಿಟ್ಟನೋ, ತಲೆಯನ್ನೇನೋ ಆಡಿಸಿದನು.

ಇಷ್ಟು ವರ್ಷಗಳ ಮೇಲೆ ವಸ್ತುಸಂಗ್ರಹಾಲಯದ ಹೊರಗಿನ ಮರದ ಕೆಳಗೆ ಕುಳಿತು ಮೊಮ್ಮಗನಿಗೆ ಇದೇ ಕಥೆಯನ್ನು ಹೇಳುತ್ತಿದ್ದಾಗ ಆ ಹುಡುಗನ ಪ್ರಶ್ನೆಯು ನನ್ನನ್ನೇ ಕೇಳಿದಂತಾಯಿತು. ನಮ್ಮ ಕಡೆಯ ಮುದುಕನನ್ನು ಇಲ್ಲಿಗೆ ಯಾಕೆ ತಂದರು? ಮಳೆ ಗಾಳಿಗೆ ಸವೆಯದಿರಲೆಂದೇ ತಂದರು. ಅದರಲ್ಲಿ ಮಗನದೇನೂ ಅನ್ಯಾಯವಿಲ್ಲ. ಆದರೆ ತಂದ ಕಲ್ಲನ್ನು ಯಾರಾದರೂ ಓದಬೇಕಷ್ಟೆ! ಮೊಮ್ಮಗನು ಕನ್ನಡವನ್ನು ಮನೆಯಲ್ಲಿ ಆಡುತ್ತಾನೆ, ಓದುವುದಕ್ಕೆ ತಡವರಿಸುತ್ತಾನೆ. ಕಾಳಿಯ ಕಥೆಯನ್ನು ಕೇಳಿದ ಮೇಲೆ, "ನಾಯಿಗೂ ಕಲ್ಲು ಹಾಕಿಸಿದರಾ, ತಾತ? ಅದರ ಹೆಸರನ್ನು ಹೇಗೆ ಬರೆಯುತ್ತಾರೆ?" ಎಂದನು. ನೆಲದ ಮಣ್ಣಿನ ಮೇಲೆ ಕಡ್ಡಿಯಿಂದ 'ಕಾಳಿ' ಎಂದು ಬರೆದು ತೋರಿಸಿದೆನು. ಅವನು ಅದರ ಕೆಳಗೆ ತಾನೂ ಬರೆದನು. ಳಕಾರವು ಸ್ವಲ್ಪ ಸೊಟ್ಟಗಾಯಿತು. ಅಂದಿನಿಂದ ಪ್ರತಿ ಭೇಟಿಯಲ್ಲಿಯೂ ಪುಟಾಣಿ ರೈಲಿಗೆ ಮುಂಚೆ ಐದು ಪದಗಳೆಂದು ನಮ್ಮಿಬ್ಬರಲ್ಲಿ ಒಪ್ಪಂದವಾಯಿತು. ಈಗ ಅವನು ಅಂಗಡಿಗಳ ಫಲಕಗಳನ್ನು ತಾನಾಗಿಯೇ ಓದಿಕೊಂಡು ಬರುತ್ತಾನೆ.

ಇನ್ನು ಶೇಷಾದ್ರಿ ಅಯ್ಯರ್ ಸ್ಮಾರಕ ಭವನ. 1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರು ಶಿವನಸಮುದ್ರದಲ್ಲಿ ವಿದ್ಯುತ್ತನ್ನು ಉತ್ಪಾದಿಸುವ ಕಾರ್ಯಕ್ಕೆ ಕಾರಣರಾದವರು. 1902ರಲ್ಲಿ ಆ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬೆಳಕು ಬಂದಿತು. ಅದನ್ನು ನೋಡುವುದಕ್ಕೆ ಅವರಿರಲಿಲ್ಲ. ಅವರ ನೆನಪಿನ ಈ ಕೆಂಪು ಭವನದಲ್ಲಿ 1915ರಿಂದ ಸಾರ್ವಜನಿಕ ಪುಸ್ತಕಾಲಯವಿದ್ದು, ಅದೇ ಮುಂದೆ ರಾಜ್ಯ ಕೇಂದ್ರ ಗ್ರಂಥಾಲಯವಾಯಿತು. ವಿದ್ಯಾರ್ಥಿಗಳೂ, ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬಿಡದೆ ಓದುವ ನನ್ನಂತಹ ನಿವೃತ್ತರೂ ಅಲ್ಲಿ ಅಕ್ಕಪಕ್ಕದಲ್ಲಿ ಕುಳಿತಿರುವುದನ್ನು ಕಂಡಿದ್ದೇನೆ. ಒಬ್ಬರು ಇನ್ನೊಬ್ಬರ ಹೆಸರನ್ನಾಗಲಿ ಕುಲವನ್ನಾಗಲಿ ಕೇಳುವುದಿಲ್ಲ. 2023ರಿಂದೀಚೆಗೆ ಯುವಕ ಯುವತಿಯರು ಶನಿವಾರದ ಬೆಳಗ್ಗೆ ಉದ್ಯಾನದ ಹುಲ್ಲಿನ ಮೇಲೆ ಚಾಪೆ ಹಾಸಿ, ತಮತಮಗೆ ಬೇಕಾದ ಪುಸ್ತಕವನ್ನು ಹಿಡಿದು, ಮಾತಿಲ್ಲದೆ ಓದುವ ಪದ್ಧತಿಯನ್ನು ಪ್ರಾರಂಭಿಸಿದರು. ಈಗಿನವರು ಪುಸ್ತಕವನ್ನು ಮುಟ್ಟುವುದಿಲ್ಲವೆಂದು ಜಗಲಿಯ ಮೇಲೆ ಕುಳಿತು ತೀರ್ಪು ಹೇಳುವ ಹಿರಿಯರು ಒಮ್ಮೆ ಬಂದು ಈ ನೋಟವನ್ನು ನೋಡಬೇಕು.

ಒಂದು ದಿನ ಆ ಓದುವವರನ್ನು ದೂರದಿಂದ ನೋಡುತ್ತ ಕುಳಿತಿದ್ದಾಗ ನನ್ನ ಮನೆಯಾಕೆಯು, "ನಿಮ್ಮ ಎರಡು ಬೀರು ಪುಸ್ತಕಗಳು ಊರಿನಲ್ಲಿ ಬೀಗದ ಹಿಂದೆ ಗೆದ್ದಲಿಗೆ ಕಾದು ಕುಳಿತಿವೆ" ಎಂದಳು. ನಾನು ಸುಮ್ಮನಿದ್ದೆನು. "ಮನೆಯನ್ನು ಮಾರುವುದೋ ಇಟ್ಟುಕೊಳ್ಳುವುದೋ ಎಂದು ಆರು ತಿಂಗಳಿಂದ ಒದ್ದಾಡುತ್ತಿದ್ದೀರಿ. ಇವೆರಡು ಬಿಟ್ಟರೆ ಮೂರನೆಯ ದಾರಿ ಇಲ್ಲವೇ? ಪಡಸಾಲೆಯ ಬಾಗಿಲನ್ನು ಊರ ಮಕ್ಕಳಿಗೆ ತೆರೆದುಬಿಡಿ. ಮನುಷ್ಯರ ಉಸಿರಾಡಿದರೆ ಮನೆಯೂ ಉಳಿಯುತ್ತದೆ" ಎಂದಳು. ಅಮರಸಿಂಹನ ಶಬ್ದವನ್ನು ನಾನು ಕೋಶದಿಂದ ಕಲಿತಿದ್ದೆನು. ಅವಳು ಕೋಶವಿಲ್ಲದೆಯೇ ಅದರ ಪ್ರಯೋಗವನ್ನು ಮಾಡಿಬಿಟ್ಟಳು.

ಮಗನಿಗೆ ಹೇಳಿದೆವು. ಮನೆಯ ಬೆಲೆಯಿಂದ ಸಾಲವನ್ನು ಸ್ವಲ್ಪ ಹಗುರ ಮಾಡಿಕೊಳ್ಳುವ ಆಸೆ ಅವನಿಗಿದ್ದಿತು. ಅದು ತಪ್ಪೇನೂ ಅಲ್ಲ. ಎರಡು ದಿನ ಯೋಚಿಸಿ, "ಅಪ್ಪಾ, ನಾನೂ ಆ ಪಡಸಾಲೆಯಲ್ಲಿಯೇ ಅಲ್ಲವೇ ಓದಿದುದು?" ಎಂದು ಒಪ್ಪಿದನು. ಹೆಂಚು ಕೈಯಾಡಿಸಿ, ಗೋಡೆಗೆ ಸುಣ್ಣ ಬಳಿಸಿ, ಎರಡು ಉದ್ದನೆಯ ಬೆಂಚುಗಳನ್ನು ಹಾಕಿಸಿದೆವು. ನನ್ನ ಹಳೆಯ ಶಿಷ್ಯನೊಬ್ಬನು ಬೀಗದ ಕೈಯನ್ನು ಇಟ್ಟುಕೊಂಡಿದ್ದಾನೆ. ಸಂಜೆಯ ಹೊತ್ತು ಶಾಲೆಯ ಮಕ್ಕಳು ಬಂದು ಓದಿಕೊಳ್ಳುತ್ತಾರೆ. ಹಿತ್ತಿಲ ಪಾರಿಜಾತಕ್ಕೆ ನೀರು ಹಾಕುವುದು ಅವರವರಲ್ಲಿಯೇ ಸರದಿಯಂತೆ ನಡೆಯುತ್ತಿದೆ. ತಿಂಗಳಿಗೊಮ್ಮೆ ನಾವಿಬ್ಬರೂ ಹೋಗಿ ಎರಡು ದಿನ ಇದ್ದು ಬರುತ್ತೇವೆ.

ಊರೊಟ್ಟಿನದೆಂದರೆ ಯಾರದೂ ಅಲ್ಲವೆಂದು ತಿಳಿಯುವ ಜನರೂ ಉಂಟು. ಅಂತಹವರ ಕೈಗೆ ಸಿಕ್ಕಿದ ವಸ್ತು ಬೇಗ ಕರಗುತ್ತದೆ. ಈ ಉದ್ಯಾನದ ಮಗ್ಗುಲಲ್ಲಿಯೇ ಇದ್ದ ಸಂಪಂಗಿ ಕೆರೆಯು ಈಗ ಕೆರೆಯಾಗಿ ಉಳಿದಿಲ್ಲ. ಅದರ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಉದ್ಯಾನವು ಉಳಿದಿರುವುದಾದರೂ ತಾನಾಗಿ ಅಲ್ಲ. ಸರ್ಕಾರಿ ಉದ್ಯಾನಗಳನ್ನು ಸಂರಕ್ಷಿಸುವುದಕ್ಕಾಗಿ 1975ರಲ್ಲಿ ಕಾನೂನಾಯಿತು. ಆ ಮೇಲೆಯೂ, 1998ರಲ್ಲಿ, ಇದರ ಒಂದು ಭಾಗವನ್ನು ಕಾನೂನಿನ ಎಲ್ಲೆಯಿಂದ ಹೊರಗೆ ತೆಗೆಯುವ ಪ್ರಯತ್ನ ನಡೆದಾಗ ಬೆಂಗಳೂರಿನ ನಾಗರಿಕರು ಬೀದಿಗಿಳಿದು ಪ್ರತಿಭಟಿಸಿದರು. ಅವರಲ್ಲಿ ಒಬ್ಬರ ಹೆಸರಿಗೂ ಈ ನೆಲದಲ್ಲಿ ಒಂದು ಗೇಣು ಇರಲಿಲ್ಲ. ಪ್ರತಿಯೊಬ್ಬರಿಗೂ ಪೂರ್ತಿ ತೋಟವಿದ್ದಿತು.

ಗೃಹಸ್ಥರಾದ ಓದುಗರಲ್ಲಿ ನನ್ನದೊಂದು ವಿಜ್ಞಾಪನೆ. ಬೆಂಗಳೂರಿಗೆ ಬಂದಾಗ ಮಕ್ಕಳನ್ನು ಈ ತೋಟಕ್ಕೆ ಕರೆತನ್ನಿರಿ; ಬೇರೆ ಊರಿನವರು ತಮ್ಮ ಊರಿನಲ್ಲಿರುವ ಇಂತಹ ಸ್ಥಳಕ್ಕೆ ಕರೆದೊಯ್ಯಿರಿ. ಎಲ್ಲವನ್ನೂ ಒಂದೇ ದಿನ ತೋರಿಸಿ ಮುಗಿಸುವ ಆತುರ ಬೇಡ. ಒಂದು ಸಲ ಮರ, ಒಂದು ಸಲ ಕಲ್ಲು, ಒಂದು ಸಲ ಪುಸ್ತಕ ಸಾಕು. ಬುತ್ತಿಯನ್ನು ಕಟ್ಟಿಕೊಂಡು ಹೋಗಿ, ಕೂತು ಉಣ್ಣಿರಿ. ಎಲೆಯನ್ನೂ ಕಾಗದವನ್ನೂ ಮನೆಗೆ ತಿರುಗಿ ತನ್ನಿರಿ. ಹೂ ಕೀಳುವ ಮಗುವನ್ನು, "ಯಾರಾದರೂ ನೋಡಿಯಾರು" ಎಂದು ಹೆದರಿಸಬೇಡಿ. "ಇದು ನಮ್ಮದು, ಕೀಳಬಾರದು" ಎಂದು ಹೇಳಿರಿ. ಈ ಎರಡು ಮಾತುಗಳಿಗಿರುವ ಅಂತರವನ್ನು ಮಗುವು ದೊಡ್ಡದಾದ ಮೇಲೆ ಊರು ತಾನೇ ಕಂಡುಕೊಳ್ಳುವುದು.